ಹೆರಿಗೆ ಕೋಣೆಯ ಲೆಕ್ಕ ಕೊಡಿ: ಆರೋಗ್ಯ ಸಚಿವರಿಗೂ ಆಸ್ಪತ್ರೆ ನಡೆಸುವವರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

2010ರಲ್ಲಿ ಸೈಪ್ರಸ್ ದೇಶದಲ್ಲಿ ನಾರ್ಮಲ್ ಡೆಲಿವರಿ ಆದ ನೂರು ಹೆಂಗಸರಲ್ಲಿ ಸುಮಾರು 75 ಮಂದಿಗೆ ಕತ್ತರಿ ಬಿದ್ದಿತ್ತು. ಎಪಿಸಿಯೊಟಮಿ ಅಂತಾರಲ್ಲ, ಮಗು ಹೊರಗೆ ಬರುವ ದಾರಿಯನ್ನು ಕತ್ತರಿಸಿ ಅಗಲ ಮಾಡಿ, ಆಮೇಲೆ ಹೊಲಿಗೆ ಹಾಕುವುದು, ಅದು. ಅದೇ ವರ್ಷ ಡೆನ್ಮಾರ್ಕ್‌ನಲ್ಲಿ ನೂರಕ್ಕೆ ಐದು ಮಂದಿಗೆ ಮಾತ್ರ ಹಾಗೆ ಮಾಡಿದ್ದರು. ಎರಡೂ ಯುರೋಪಿಯನ್ ಒಕ್ಕೂಟದ ದೇಶಗಳೇ. ಎರಡೂ ಕಡೆಯ ಡಾಕ್ಟರುಗಳು ಓದುವುದು ಹೆಚ್ಚುಕಮ್ಮಿ ಒಂದೇ ವಿದ್ಯೆ. ಗಡಿ ದಾಟಿದ ಕೂಡಲೇ ಹೆಂಗಸಿನ ಮೈ ಬದಲಾಗುವುದಿಲ್ಲ. ಹಾಗಾದರೆ ಉಳಿದ ಆ 70 ಮಂದಿಗೆ ಕತ್ತರಿ ಯಾಕೆ ಬಿತ್ತು?

ಈ ಪ್ರಶ್ನೆಗೆ ‘ನಮ್ಮಲ್ಲಿ ಹಾಗೇ ಮಾಡೋದು’ ಅನ್ನುವುದನ್ನು ಬಿಟ್ಟು ಬೇರೆ ಉತ್ತರ ಸಿಗುವುದು ಕಷ್ಟ. ಅಭ್ಯಾಸ ಅಂದಮೇಲೆ ಅದನ್ನು ಬದಲಾಯಿಸಲೂ ಬರುತ್ತದೆ. ಫ್ರಾನ್ಸ್‌ನಲ್ಲಿ 2016ರಲ್ಲಿ ನೂರಕ್ಕೆ 20 ಮಂದಿಗೆ ಈ ಕತ್ತರಿ ಬೀಳುತ್ತಿತ್ತು. 2021ರ ಹೊತ್ತಿಗೆ ಅದು 8ಕ್ಕೆ ಇಳಿದಿತ್ತು. ಬರೀ ಐದು ವರ್ಷ. ಹೊಸ ಔಷಧಿ ಬಂದಿರಲಿಲ್ಲ, ಹೊಸ ಯಂತ್ರವೂ ಬಂದಿರಲಿಲ್ಲ. ಕೈ ತಡೆಯುವುದನ್ನು ಕಲಿತರು, ಅಷ್ಟೇ.

ನಾನು ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ಮಕ್ಕಳನ್ನು ಹೆತ್ತವಳು. ಒಂದು ಸಿಸೇರಿಯನ್, ಒಂದು ನಾರ್ಮಲ್. ಹಾಗಾಗಿ ‘ಆಪರೇಷನ್ ಅಂದರೆ ಮೋಸ’ ಅನ್ನುವವರ ಗುಂಪಿನಲ್ಲೂ ನಾನಿಲ್ಲ, ‘ನೋವು ಯಾಕೆ ತಿನ್ನಬೇಕು, ಡೇಟ್ ಫಿಕ್ಸ್ ಮಾಡಿ’ ಅನ್ನುವವರ ಗುಂಪಿನಲ್ಲೂ ಇಲ್ಲ. ಒಂದೊಂದು ದೇಶದಲ್ಲಿ ಹೆರಿಗೆ ಹೇಗೆ ಮಾಡಿಸುತ್ತಾರೆ ಅಂತ ಓದುತ್ತಾ ಹೋದೆ. ಓದಿದಷ್ಟೂ ಒಂದು ಮಾತು ಗಟ್ಟಿಯಾಯಿತು. ಬಸುರಿಗೆ ಏನಾಗಬೇಕು ಅನ್ನುವುದನ್ನು ಎಷ್ಟೋ ಸಲ ಅವಳ ಮೈ ನಿರ್ಧರಿಸುವುದಿಲ್ಲ. ಅವಳು ಯಾವ ಬಾಗಿಲಿನಿಂದ ಒಳಗೆ ಹೋದಳು ಅನ್ನುವುದು ನಿರ್ಧರಿಸುತ್ತದೆ. ಆ ಬಾಗಿಲುಗಳು ನಿಮ್ಮ ಕೈಯಲ್ಲಿವೆ. ಅದಕ್ಕೇ ಈ ಪತ್ರ ನಿಮಗೆ.

ಭಾರತದ ಲೆಕ್ಕವನ್ನೇ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಸರ್ಕಾರಿ ಆಸ್ಪತ್ರೆಗಳಲ್ಲಿ ಆದ ಹೆರಿಗೆಗಳಲ್ಲಿ ಸಿಸೇರಿಯನ್ ನೂರಕ್ಕೆ 14.3. ಖಾಸಗಿಯಲ್ಲಿ 47.4. ಒಂದೇ ದೇಶ, ಒಂದೇ ಕಾನೂನು, ಮೂರು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಕಷ್ಟದ ಕೇಸುಗಳೆಲ್ಲ ಖಾಸಗಿಗೆ ಹೋಗುತ್ತವೆ ಅಂತ ಹೇಳುವ ಹಾಗೂ ಇಲ್ಲ. ಕೈ ಮೀರಿದ ಎಷ್ಟೋ ಕೇಸುಗಳು ಕೊನೆಗೆ ಬಂದು ಬೀಳುವುದು ಸರ್ಕಾರಿ ದೊಡ್ಡಾಸ್ಪತ್ರೆಗೇ ಅಲ್ವಾ?

ಇನ್ನು ಪ್ರಪಂಚದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಪ್ರಕಾರ ಐದು ಹೆರಿಗೆಗಳಲ್ಲಿ ಒಂದಕ್ಕಿಂತ ಜಾಸ್ತಿ, ಅಂದರೆ ನೂರಕ್ಕೆ 21, ಸಿಸೇರಿಯನ್. 1990ರ ಹೊತ್ತಿಗೆ ಅದು 7ರ ಆಸುಪಾಸಿನಲ್ಲಿತ್ತು. ಬ್ರೆಜಿಲ್, ಡೊಮಿನಿಕನ್ ರಿಪಬ್ಲಿಕ್, ಈಜಿಪ್ಟ್, ಟರ್ಕಿ, ಸೈಪ್ರಸ್, ಈ ಐದು ದೇಶಗಳಲ್ಲಿ ನಾರ್ಮಲ್‌ಗಿಂತ ಸಿಸೇರಿಯನ್ನೇ ಜಾಸ್ತಿ. ಸಹಾರಾ ಮರುಭೂಮಿಯ ಕೆಳಗಿನ ಆಫ್ರಿಕಾದಲ್ಲಿ ನೂರಕ್ಕೆ ಐದು. ಆ ಐದನ್ನು ನೋಡಿ ‘ಎಷ್ಟು ಸಹಜ ಹೆರಿಗೆ’ ಅಂತ ಯಾರೂ ಖುಷಿಪಡಬೇಡಿ. ಮಗು ಅಡ್ಡ ತಿರುಗಿದಾಗ, ಮಾಸು ದಾರಿಗೆ ಅಡ್ಡ ಕೂತಾಗ, ಅಲ್ಲಿ ಎಷ್ಟೋ ಕಡೆ ಆಪರೇಷನ್ ಮಾಡುವವರು ಇರುವುದಿಲ್ಲ. ಇದ್ದರೂ ಕರೆಂಟ್ ಇರುವುದಿಲ್ಲ, ರಕ್ತ ಇರುವುದಿಲ್ಲ. 2023ರಲ್ಲಿ ಬಸಿರು, ಹೆರಿಗೆಯ ಕಾರಣಕ್ಕೆ ಪ್ರಪಂಚದಲ್ಲಿ ಸತ್ತ ಹೆಂಗಸರು ಸುಮಾರು 2 ಲಕ್ಷ 60 ಸಾವಿರ. ದಿನಕ್ಕೆ 700ರ ಹತ್ತಿರ. ಅದರಲ್ಲಿ ನೈಜೀರಿಯಾ ಒಂದರಲ್ಲೇ ಸುಮಾರು 75 ಸಾವಿರ.

ಹಾಗಾದರೆ ಎಷ್ಟು ಸಿಸೇರಿಯನ್ ಸರಿ? 1985ರಲ್ಲಿ ಬ್ರೆಜಿಲ್‌ನ ಫೋರ್ಟಲೇಜಾ ಊರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೇರಿಸಿದ ಸಭೆಯಲ್ಲಿ ಪರಿಣತರು ಒಂದು ಮಾತು ಹೇಳಿದ್ದರು. ಯಾವ ಪ್ರದೇಶದಲ್ಲೂ ನೂರಕ್ಕೆ 10–15ಕ್ಕಿಂತ ಜಾಸ್ತಿ ಆಗಲು ಕಾರಣವಿಲ್ಲ ಅಂತ. ಆ ಸಭೆ ನಡೆದ ದೇಶದಲ್ಲೇ ಈಗ 55 ದಾಟಿದೆ. 2015ರಲ್ಲಿ ಸಂಸ್ಥೆ ಮತ್ತೆ ಲೆಕ್ಕ ಹಾಕಿತು. ಒಂದು ದೇಶದ ಮಟ್ಟದಲ್ಲಿ ನೋಡಿದರೆ ನೂರಕ್ಕೆ 10ರವರೆಗೆ ಏರಿದಾಗ ತಾಯಿ-ಮಕ್ಕಳ ಸಾವು ಇಳಿಯುತ್ತದೆ, ಅದರಾಚೆ ಏರಿದರೆ ಸಾವು ಇನ್ನೂ ಇಳಿಯುವ ಗುರುತಿಲ್ಲ ಅಂದಿತು. ಜೊತೆಗೇ ಇನ್ನೊಂದು ಮಾತು ಸೇರಿಸಿತು. ಇಷ್ಟೇ ಇರಬೇಕು ಅಂತ ಒಂದು ಸಂಖ್ಯೆಯ ಹಿಂದೆ ಓಡಬೇಡಿ, ಬೇಕಾದವಳಿಗೆ ಸಿಗುವ ಹಾಗೆ ನೋಡಿಕೊಳ್ಳಿ ಅಂತ. ಮೊದಲನೇ ಮಾತನ್ನು ಎಲ್ಲರೂ ಭಾಷಣಗಳಲ್ಲಿ ಹೇಳುತ್ತಾರೆ. ಎರಡನೇದನ್ನು ನುಂಗಿಬಿಡುತ್ತಾರೆ.

ನುಂಗಿದರೆ ಏನಾಗುತ್ತದೆ ಅಂತ ನೋಡಬೇಕಾದರೆ ಇಂಗ್ಲೆಂಡಿಗೆ ಹೋಗಬೇಕು. ಅಲ್ಲಿನ ಶ್ರೂಸ್‌ಬರಿ ಮತ್ತು ಟೆಲ್‌ಫರ್ಡ್ ಆಸ್ಪತ್ರೆಗಳಲ್ಲಿ ಸಿಸೇರಿಯನ್ ತುಂಬಾ ಕಡಿಮೆ ಅಂತ ವರ್ಷಗಟ್ಟಲೆ ಹೊಗಳಿಕೆ ಇತ್ತು. ಮಕ್ಕಳನ್ನು ಕಳೆದುಕೊಂಡ ಅಪ್ಪ ಅಮ್ಮಂದಿರು ಬಿಡದೆ ಬಾಗಿಲು ತಟ್ಟಿದ ಮೇಲೆ ತನಿಖೆ ನಡೆಯಿತು. ಡೊನ್ನಾ ಆಕೆಂಡೆನ್ ಅನ್ನುವ ಹಿರಿಯ ಮಿಡ್‌ವೈಫ್, ಅಂದರೆ ಹೆರಿಗೆ ಮಾಡಿಸಲು ತರಬೇತಿ ಪಡೆದವಳು, ಅದರ ಮುಖ್ಯಸ್ಥೆ. 2022ರಲ್ಲಿ ಬಂದ ವರದಿ ಓದಿದರೆ ಹೊಟ್ಟೆ ಉರಿಯುತ್ತದೆ. ಸರಿಯಾದ ಆರೈಕೆ ಸಿಕ್ಕಿದ್ದರೆ 201 ಮಕ್ಕಳು, 9 ತಾಯಂದಿರು ಉಳಿಯಬಹುದಿತ್ತು ಅಂತ ಅದರಲ್ಲಿದೆ. ಆಪರೇಷನ್ ಬೇಕು ಅಂತ ಕೇಳಿಕೊಂಡವರಿಗೂ ಇಲ್ಲ ಅಂದಿದ್ದರು, ತಡ ಮಾಡಿದ್ದರು. ಅದೇ ವರ್ಷ ಇಂಗ್ಲೆಂಡಿನ ಆರೋಗ್ಯ ಸೇವೆ ತನ್ನ ಆಸ್ಪತ್ರೆಗಳಿಗೆಲ್ಲ ಒಂದು ಸೂಚನೆ ಕಳಿಸಿತು. ಸಿಸೇರಿಯನ್ ಪ್ರಮಾಣ ನೋಡಿ ಆಸ್ಪತ್ರೆ ಒಳ್ಳೇದೋ ಕೆಟ್ಟದ್ದೋ ಅಂತ ಅಳೆಯುವುದನ್ನು ನಿಲ್ಲಿಸಿ ಅಂತ.

ಸಚಿವರೇ, ನಿಮ್ಮ ಅಧಿಕಾರಿಗಳು ಈ ವರ್ಷ ಸಿಸೇರಿಯನ್ ಇಷ್ಟು ಪರ್ಸೆಂಟ್ ಇಳಿಸಿದೆವು ಅಂತ ಪಟ್ಟಿ ತಂದು ತೋರಿಸಿದರೆ ಚಪ್ಪಾಳೆ ತಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ. ಯಾರಿಗೆ ಇಳಿಸಿದಿರಿ? ಬೇಡವಾಗಿದ್ದವಳಿಗೋ, ಬೇಕಾಗಿದ್ದವಳಿಗೋ?

ಹಾಗಂತ ಇನ್ನೊಂದು ಕಡೆಯವರು ಬೀಗಬೇಕಾಗಿಲ್ಲ. ಬ್ರೆಜಿಲ್‌ನ ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಸಿಸೇರಿಯನ್. ಕಾರಣ ಗುಟ್ಟೇನಲ್ಲ. ಅಲ್ಲಿ ಬಸುರಿಯನ್ನು ಮೊದಲಿಂದ ನೋಡಿದ ಡಾಕ್ಟರೇ ಹೆರಿಗೆಗೂ ಬರಬೇಕು ಅನ್ನುವ ಪದ್ಧತಿ. ನಾರ್ಮಲ್ ಆದರೆ ಹತ್ತು-ಹದಿನೈದು ಗಂಟೆ, ಅದೂ ಯಾವ ಹೊತ್ತಿಗೆ ಅಂತ ಗೊತ್ತಿಲ್ಲ. ಆಪರೇಷನ್ ಆದರೆ ಒಂದು ಗಂಟೆ, ಸೋಮವಾರ ಬೆಳಿಗ್ಗೆ ಅಂತ ಬರೆದಿಡಬಹುದು. ಒಬ್ಬ ಡಾಕ್ಟರ್ ಕೆಟ್ಟವರಾಗಬೇಕಾದ ಅಗತ್ಯವೇ ಇಲ್ಲಿಲ್ಲ. ಒಳ್ಳೆಯವರನ್ನು ಈ ಲೆಕ್ಕದೊಳಗೆ ಕೂರಿಸಿದರೂ ಹತ್ತು ವರ್ಷದಲ್ಲಿ ಅವರ ಕೈ ಕತ್ತರಿಯ ಕಡೆಗೇ ಹೋಗುತ್ತದೆ. ಕೋರ್ಟಿನ ಭಯವೂ ಅದೇ ಕಡೆ ತಳ್ಳುತ್ತದೆ. ಆಪರೇಷನ್ ಯಾಕೆ ಮಾಡಿದಿರಿ ಅಂತ ಕೇಳುವುದಕ್ಕಿಂತ ಯಾಕೆ ಮಾಡಲಿಲ್ಲ ಅಂತ ಕೇಳುವವರೇ ಜಾಸ್ತಿ.

ಇದನ್ನು ಕಾನೂನಿನಿಂದ ನಿಲ್ಲಿಸಬಹುದು ಅಂದುಕೊಂಡ ದೇಶ ಟರ್ಕಿ. ವೈದ್ಯಕೀಯ ಕಾರಣ ಇಲ್ಲದೆ ಸಿಸೇರಿಯನ್ ಮಾಡಕೂಡದು ಅಂತ 2012ರಲ್ಲೇ ಕಾನೂನು ತಂದರು. ಆಗ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಇತ್ತು. ಈಗ ನೂರಕ್ಕೆ 60ರ ಹತ್ತಿರ! ಕಾರಣ ಬೇಕು ಅಂದರೆ ಕಾಗದದ ಮೇಲೆ ಕಾರಣ ಹುಟ್ಟಿಕೊಳ್ಳುತ್ತದೆ. ಅದೂ ಅಲ್ಲದೆ ಒಂದು ಸಿಸೇರಿಯನ್ ಆದವಳಿಗೆ ಮುಂದಿನದೂ ಸಿಸೇರಿಯನ್ನೇ ಅನ್ನುವುದು ಬಹಳ ಕಡೆ ರೂಢಿ. ಮೊದಲ ಕತ್ತರಿ ತಡೆಯದೆ ಎರಡನೇದನ್ನು ಹೇಗೆ ತಡೆಯುತ್ತೀರಿ? ಮೂರು-ನಾಲ್ಕು ಸಲ ಕೊಯ್ದ ಗರ್ಭಕೋಶದಲ್ಲಿ ಮಾಸು ಹಳೆಯ ಗಾಯದೊಳಗೆ ಬೇರೂರಿ ಕೂತುಬಿಡುವ ಅಪಾಯ ಏರುತ್ತಾ ಹೋಗುತ್ತದೆ. ಅಂಥ ಹೆರಿಗೆಯಲ್ಲಿ ಒಂದೊಂದು ಸಲ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ಇದನ್ನು ಮೊದಲ ಸಿಸೇರಿಯನ್ ಹೊತ್ತಿಗೆ ಯಾರಾದರೂ ಕೂತು ಹೇಳುತ್ತಾರಾ?

ಗಡಿಯಾರದ ವಿಷಯಕ್ಕೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ಸಿಟ್ಟು ಬರುವ ಜಾಗ ಇದು.

ಲೇಬರ್ ವಾರ್ಡಿನಲ್ಲಿ ಹೆಂಗಸಿನ ತಲೆದಿಂಬಿನ ಹತ್ತಿರ ಒಂದು ಚೌಕಳಿ ಹಾಳೆ ಇರುತ್ತದೆ. ಗರ್ಭಕೋಶದ ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿದೆ ಅಂತ ಅದರಲ್ಲಿ ಗುರುತು ಹಾಕುತ್ತಾರೆ. ಗಂಟೆಗೆ ಒಂದು ಸೆಂಟಿಮೀಟರ್ ಅನ್ನುವುದು ಲೆಕ್ಕ. ಹಾಳೆಯ ಮೇಲೆ ಓರೆಯಾಗಿ ಒಂದು ಗೆರೆ. ನಿಮ್ಮ ಗುರುತು ಆ ಗೆರೆಯಿಂದ ಬಲಕ್ಕೆ ಜಾರಿತು ಅಂದರೆ ‘ಪ್ರೋಗ್ರೆಸ್ ಆಗ್ತಿಲ್ಲ’ ಅಂತ ಪಿಸುಮಾತು ಶುರು. ನೋವು ಜಾಸ್ತಿ ಮಾಡುವ ಡ್ರಿಪ್ ಬರುತ್ತದೆ, ನೋವು ಏರುತ್ತದೆ, ಏರಿದ ನೋವಿಗೆ ಮಗುವಿನ ಎದೆಬಡಿತ ಇಳಿಯುತ್ತದೆ, ಆಮೇಲೆ ಆಪರೇಷನ್ ಥಿಯೇಟರ್.

ಈ ಗೆರೆ ಎಲ್ಲಿಂದ ಬಂತು? 1955ರಲ್ಲಿ ನ್ಯೂಯಾರ್ಕಿನ ಒಂದೇ ಆಸ್ಪತ್ರೆಯಲ್ಲಿ ಎಮ್ಯಾನುಯೆಲ್ ಫ್ರೀಡ್‌ಮನ್ ಅನ್ನುವ ಡಾಕ್ಟರ್ 500 ಚೊಚ್ಚಲ ಹೆರಿಗೆಗಳನ್ನು ಗುರುತು ಹಾಕಿ ಪ್ರಕಟಿಸಿದರು. ಆ ಹೆಂಗಸರಲ್ಲಿ ಬಹಳ ಮಂದಿಗೆ ಮಂಪರಿನ ಔಷಧಿ ಕೊಟ್ಟಿದ್ದರು. ಅರ್ಧಕ್ಕಿಂತ ಜಾಸ್ತಿ ಮಕ್ಕಳನ್ನು ಫೋರ್‌ಸೆಪ್ಸ್ ಹಾಕಿ ಎಳೆದಿದ್ದರು. ಆಮೇಲೆ 1972ರಲ್ಲಿ, ಈಗಿನ ಜಿಂಬಾಬ್ವೆಯಲ್ಲಿ, ಫಿಲ್‌ಪಾಟ್ ಮತ್ತು ಕ್ಯಾಸಲ್ ಅನ್ನುವವರು ಆ ಎಚ್ಚರಿಕೆಯ ಗೆರೆ ಎಳೆದರು. ಅವರ ಉದ್ದೇಶ ಬಹಳ ಸರಿಯಾಗಿತ್ತು. ದೂರದ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿರುವ ಮಿಡ್‌ವೈಫ್‌ಗೆ ಈ ಬಸುರಿಯನ್ನು ಈಗಲೇ ದೊಡ್ಡಾಸ್ಪತ್ರೆಗೆ ಕಳಿಸಬೇಕು ಅಂತ ಗೊತ್ತಾಗಲಿ ಅಂತ. ಅಂದರೆ ಗಾಡಿ ಹೊರಡಿಸಲು ಎಳೆದ ಗೆರೆ ಅದು. ಅದೇ ಗೆರೆ ಸಕಲ ಸೌಕರ್ಯವೂ ಇರುವ ನಗರದ ವಾರ್ಡುಗಳಿಗೆ ಬಂದು, ಪಕ್ಕದ ಕೋಣೆಯಲ್ಲೇ ಥಿಯೇಟರ್ ಇರುವ ಹೆಂಗಸಿನ ತಲೆಯ ಮೇಲೆ ಗಡುವಾಗಿ ಕೂತಿತು.

2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕಡೆಗೂ ಹೇಳಿತು. ಗಂಟೆಗೆ ಒಂದು ಸೆಂಟಿಮೀಟರ್ ಅನ್ನುವುದು ಎಷ್ಟೋ ಹೆಂಗಸರಿಗೆ ಹೊಂದುವುದಿಲ್ಲ. ತಾಯಿ-ಮಗು ಚೆನ್ನಾಗಿದ್ದರೆ, ನಿಧಾನ ಅನ್ನುವ ಒಂದೇ ಕಾರಣಕ್ಕೆ ಕೈ ಹಾಕಬೇಡಿ. ಹೆರಿಗೆ ಜೋರಾಗಿ ಶುರುವಾಯಿತು ಅಂತ ಎಣಿಸಬೇಕಾದ್ದೂ ಐದು ಸೆಂಟಿಮೀಟರ್ ಆದ ಮೇಲೆ. 2020ರಲ್ಲಿ ಹಳೆಯ ಹಾಳೆಯ ಬದಲಿಗೆ ಹೊಸ ಹಾಳೆಯನ್ನೂ ಕೊಟ್ಟಿತು. ಅದರಲ್ಲಿ ಆ ಓರೆ ಗೆರೆ ಇಲ್ಲ. ಅದರ ಬದಲು ಜೊತೆಗೆ ಯಾರಾದರೂ ಇದ್ದಾರಾ, ನೋವಿಗೆ ಏನಾದರೂ ಕೊಟ್ಟಿದ್ದೀರಾ, ಕುಡಿಯಲು ಕೊಟ್ಟಿರಾ ಅಂತ ಕೇಳುವ ಚೌಕಗಳಿವೆ. ನಿಮ್ಮ ಆಸ್ಪತ್ರೆಯಲ್ಲಿ ಈಗ ಬಳಸುತ್ತಿರುವ ಹಾಳೆ ಯಾವುದು? ಒಂದು ಸಲ ಸುಮ್ನೆ ವಾರ್ಡಿಗೆ ಇಳಿದು ನೋಡಿ ಬನ್ನಿ.

ಯಂತ್ರದ ಕಥೆಯೂ ಇಂಥದ್ದೇ. ಹೊಟ್ಟೆಗೆ ಬೆಲ್ಟ್ ಕಟ್ಟಿ ಮಗುವಿನ ಎದೆಬಡಿತವನ್ನು ಪಟ್ಟಿಯ ಮೇಲೆ ಬರೆಯುವ ಸಿಟಿಜಿ ಯಂತ್ರ. ಮೂವತ್ತೇಳು ಸಾವಿರ ಹೆಂಗಸರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದರು. ಆಗಾಗ ಕಿವಿಗೊಟ್ಟು ಕೇಳುವುದಕ್ಕೆ ಹೋಲಿಸಿದರೆ, ಸದಾ ಯಂತ್ರ ಕಟ್ಟಿದ್ದರಿಂದ ಮಗುವಿನ ಸಾವೂ ಕಡಿಮೆಯಾಗಲಿಲ್ಲ, ಮೆದುಳಿಗೆ ಪೆಟ್ಟಾಗಿ ಕೈಕಾಲಿನ ಹಿಡಿತ ತಪ್ಪುವ ಸೆರೆಬ್ರಲ್ ಪಾಲ್ಸಿಯೂ ಕಡಿಮೆಯಾಗಲಿಲ್ಲ. ಹುಟ್ಟಿದ ಮಕ್ಕಳಿಗೆ ಫಿಟ್ಸ್ ಬರುವುದು ಅರ್ಧಕ್ಕೆ ಇಳಿಯಿತು, ಅದು ಸಣ್ಣ ಲಾಭವಲ್ಲ. ಆದರೆ ಸಿಸೇರಿಯನ್ ಏರಿತು. ಅಪಾಯ ಇರುವವರಿಗೆ ಯಂತ್ರ ಬೇಕು, ಸರಿ. ಎಲ್ಲರಿಗೂ ಕಟ್ಟಿ ಮಲಗಿಸುವುದು ಯಾಕೆ? ಒಬ್ಬ ನರ್ಸ್ ಹೊರಗೆ ಕೂತು ಆರು ಪರದೆ ನೋಡಬಹುದು ಅಂತಲೇ?

ಆ ನರ್ಸ್ ಒಳಗಿದ್ದರೆ ಏನಾಗುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ. ಹೆರಿಗೆ ಮುಗಿಯುವವರೆಗೂ ಒಬ್ಬರು ಬಿಡದೆ ಜೊತೆಗಿದ್ದರೆ, ಅವರು ಅಕ್ಕನೋ ಅಮ್ಮನೋ ಗಂಡನೋ ತರಬೇತಿ ಪಡೆದ ಜೊತೆಗಾತಿಯೋ ಆಗಿರಬಹುದು, ಒಟ್ಟಾರೆ ನೋಡಿದರೆ ಸಿಸೇರಿಯನ್ ಕಾಲು ಭಾಗದಷ್ಟು ಇಳಿಯುತ್ತದೆ. ಹದಿನೇಳು ದೇಶಗಳ ಪ್ರಯೋಗಗಳನ್ನು ಸೇರಿಸಿ 2017ರಲ್ಲಿ ಕೊಕ್ರೇನ್ ಅನ್ನುವ ಸಂಶೋಧಕರ ಸಂಸ್ಥೆಯ ಪರಿಶೀಲನೆ ಕಂಡುಕೊಂಡದ್ದು ಇದು. ಇಷ್ಟು ಅಗ್ಗದ, ಇಷ್ಟು ನಿರಪಾಯದ ಚಿಕಿತ್ಸೆ ಮಾತ್ರೆಯ ರೂಪದಲ್ಲಿ ಬಂದಿದ್ದರೆ ಕಂಪನಿಗಳು ಜಾಹೀರಾತು ಕೊಟ್ಟು ಸುಸ್ತಾಗುತ್ತಿದ್ದವು. ಆದರೂ ಎಷ್ಟೋ ಆಸ್ಪತ್ರೆಗಳಲ್ಲಿ ಲೇಬರ್ ವಾರ್ಡಿನ ಬಾಗಿಲಲ್ಲಿ ಜೊತೆಗೆ ಬಂದವರನ್ನು ತಡೆಯುತ್ತಾರೆ. ಜಾಗ ಇಲ್ಲ ಅಂತಾರೆ. ಎರಡು ಮಂಚದ ನಡುವೆ ಒಂದು ಪರದೆ, ಒಂದು ಸ್ಟೂಲು. ಅಷ್ಟು ಜಾಗ.

ಜರ್ಮನಿಯ ಕಾನೂನು ನನಗೆ ಬಹಳ ಇಷ್ಟವಾಯಿತು. ಅಲ್ಲಿ ಸಹಜವಾಗಿ ನಡೆಯುವ ಹೆರಿಗೆಯನ್ನು ಮಿಡ್‌ವೈಫ್ ಒಬ್ಬಳೇ ಮಾಡಿಸಬಹುದು. ಡಾಕ್ಟರ್ ಮಾಡಿಸುವುದಾದರೆ ಮಿಡ್‌ವೈಫ್ ಇರುವಂತೆ ನೋಡಿಕೊಳ್ಳಲೇಬೇಕು. ಯಾರು ಯಾರನ್ನು ಕರೆಯಬೇಕು ಅನ್ನುವುದು ಅಲ್ಲಿ ತಿರುಗಿ ನಿಂತಿದೆ. ನ್ಯೂಜಿಲೆಂಡ್‌ನಲ್ಲಿ 1990ರಲ್ಲಿ ಕಾನೂನು ತಿದ್ದಿ ಮಿಡ್‌ವೈಫ್‌ಗಳು ಸ್ವತಂತ್ರವಾಗಿ ಕೆಲಸ ಮಾಡಬಹುದು ಅಂದರು. ಈಗ ಅಲ್ಲಿ ಬಹುಪಾಲು ಹೆಂಗಸರಿಗೆ ಬಸಿರಿನ ಮೊದಲಿಂದ ಹೆರಿಗೆಯಾಗಿ ಕೆಲವು ವಾರಗಳವರೆಗೂ ಒಬ್ಬಳೇ ಗೊತ್ತಿರುವ ಮಿಡ್‌ವೈಫ್, ಸರ್ಕಾರದ ಖರ್ಚಿನಲ್ಲಿ. ನೆದರ್ಲೆಂಡ್ಸ್‌ನಲ್ಲಿ 1960ರ ದಶಕದಲ್ಲಿ ಮೂರರಲ್ಲಿ ಎರಡು ಹೆರಿಗೆ ಮನೆಯಲ್ಲೇ ಆಗುತ್ತಿದ್ದವು. ಈಗ ತುಂಬಾ ಕಡಿಮೆಯಾಗಿ ನೂರಕ್ಕೆ 15ರ ಆಸುಪಾಸಿಗೆ ಬಂದಿದೆ. ಆದರೂ ಒಂದು ವ್ಯವಸ್ಥೆಯನ್ನು ಅವರು ಬಿಟ್ಟಿಲ್ಲ. ಹೆರಿಗೆಯಾದ ಮೇಲೆ ವಾರಕ್ಕಿಂತ ಹೆಚ್ಚು ಕಾಲ ತರಬೇತಿ ಪಡೆದ ಆರೈಕೆಯವಳು ದಿನಕ್ಕೆ ಕೆಲವು ಗಂಟೆ ಮನೆಗೇ ಬರುತ್ತಾಳೆ. ಹೊಲಿಗೆ ನೋಡುತ್ತಾಳೆ, ಜ್ವರ ನೋಡುತ್ತಾಳೆ, ಮಗು ಹಾಲು ಕುಡಿಯುತ್ತಿದೆಯಾ ನೋಡುತ್ತಾಳೆ. ಇದು ವಿಮೆಯಲ್ಲೇ ಬರುತ್ತದೆ.

ಇದನ್ನು ಅಮೆರಿಕದ ಪಕ್ಕ ಇಟ್ಟು ನೋಡಿ. ಹೆರಿಗೆಗೆ ಅಮೆರಿಕದಷ್ಟು ದುಡ್ಡು ಸುರಿಯುವ ದೇಶ ಇನ್ನೊಂದಿಲ್ಲ ಅಂದರೂ ತಪ್ಪಾಗಲಾರದು. ಮೂರು ಹೆರಿಗೆಗಳಲ್ಲಿ ಒಂದು ಸಿಸೇರಿಯನ್. ಆದರೂ 2023ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 18.6 ತಾಯಂದಿರು ಸತ್ತರು. ಕಪ್ಪು ಹೆಂಗಸರಲ್ಲಿ 50.3, ಬಿಳಿಯರಲ್ಲಿ 14.5. ಸಿಸೇರಿಯನ್ ಅಮೆರಿಕದ ಅರ್ಧದಷ್ಟೇ ಇರುವ ನಾರ್ವೆಯಲ್ಲಿ ತಾಯಂದಿರ ಸಾವು ಅದಕ್ಕಿಂತ ಎಷ್ಟೋ ಕಡಿಮೆ. ಅಮೆರಿಕದ ಇಂಥ ಸಾವುಗಳಲ್ಲಿ ದೊಡ್ಡ ಪಾಲು ಆಗುವುದು ಮನೆಗೆ ಹೋದ ಮೇಲೆ. ಬಿಪಿ ಏರಿ, ಸೋಂಕಾಗಿ, ಹೃದಯಕ್ಕೆ ತೊಂದರೆಯಾಗಿ, ಮನಸ್ಸು ಕುಸಿದು. ಆದರೂ ಬಡವರ ಸರ್ಕಾರಿ ವಿಮೆ ಬಹಳ ಕಾಲ ಹೆರಿಗೆಯಾಗಿ 60 ದಿನಕ್ಕೆ ನಿಂತುಹೋಗುತ್ತಿತ್ತು. ವರ್ಷದವರೆಗೆ ವಿಸ್ತರಿಸಲು ರಾಜ್ಯಗಳಿಗೆ ಸುಲಭದ ದಾರಿ ಸಿಕ್ಕಿದ್ದು 2022ರಲ್ಲಿ. ಥಿಯೇಟರಿನ ದೀಪಕ್ಕೆ ದುಡ್ಡಿದೆ, ಆಮೇಲೆ ಬಂದು ಬಾಗಿಲು ತಟ್ಟಿ ‘ಹೇಗಿದ್ದೀಯಮ್ಮ’ ಅಂತ ಕೇಳುವವರಿಗೆ ದುಡ್ಡಿಲ್ಲ.

ನೋವಿನ ವಿಷಯದಲ್ಲಿ ಮಾತ್ರ ನಾನು ಯಾವ ದೇಶದ ಕಡೆಗೂ ವಾಲುವುದಿಲ್ಲ. ಫ್ರಾನ್ಸ್‌ನಲ್ಲಿ ಹತ್ತರಲ್ಲಿ ಎಂಟು ಮಂದಿ ಎಪಿಡ್ಯೂರಲ್, ಅಂದರೆ ನೋವು ಗೊತ್ತಾಗದಂತೆ ಬೆನ್ನಿಗೆ ಕೊಡುವ ಔಷಧಿ, ತೆಗೆದುಕೊಳ್ಳುತ್ತಾರೆ. ಜಪಾನ್‌ನಲ್ಲಿ ಹತ್ತರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ. ಬ್ರಿಟನ್ನಿನಲ್ಲಿ ನೈಟ್ರಸ್ ಆಕ್ಸೈಡ್ ಮತ್ತು ಆಮ್ಲಜನಕ ಬೆರೆಸಿದ ಗಾಳಿಯನ್ನು ನೋವು ಬಂದಾಗ ತಾವೇ ಎಳೆದುಕೊಳ್ಳುತ್ತಾರೆ. ಮೂರೂ ಕಡೆ ತಾಯಂದಿರು ಹೆಚ್ಚುಕಮ್ಮಿ ಸುರಕ್ಷಿತ. ಜಪಾನ್‌ನಲ್ಲಿ ಬಯಸಿದರೂ ಸಿಗದೆ ಹೋಗುವುದಿತ್ತು. ಅರಿವಳಿಕೆ ಡಾಕ್ಟರುಗಳು ಕಮ್ಮಿ, ಖರ್ಚು ಕೈಯಿಂದ. 2025ರಲ್ಲಿ ಟೋಕಿಯೋ ಆಡಳಿತ ಆ ಖರ್ಚಿಗೆ ಒಂದು ಲಕ್ಷ ಯೆನ್‌ವರೆಗೆ ಕೊಡಲು ಶುರು ಮಾಡಿತು. ನೋವು ತಡೆದುಕೊಂಡರೆ ಒಳ್ಳೆಯ ತಾಯಿ ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಹಲ್ಲು ಕೀಳುವಾಗ ಯಾರೂ ಹೀಗೆ ಹೇಳಲ್ಲ.

ಈಗ ಇನ್ನೊಂದು ತುದಿಗೆ, ಏನೂ ಸಿಗದ ಕಡೆಗೆ. ಅಲ್ಲಿಂದ ಶ್ರೀಮಂತ ದೇಶಗಳು ಕಲಿಯಬೇಕಾದ್ದೂ ಇದೆ. ಮೊಜಾಂಬಿಕ್ ದೇಶದಲ್ಲಿ ಸರ್ಜನ್‌ಗಳು ತೀರಾ ಕಮ್ಮಿ ಇದ್ದರು. 1984ರಲ್ಲಿ ಡಾಕ್ಟರ್ ಅಲ್ಲದ ಆರೋಗ್ಯ ಕಾರ್ಯಕರ್ತರಿಗೆ ಆಪರೇಷನ್ ಕಲಿಸಲು ಶುರು ಮಾಡಿದರು. ಸಿಸೇರಿಯನ್ ಸೇರಿ. ಕೇಳಿದವರೆಲ್ಲ ಹೌಹಾರಿದ್ದು ಸಹಜ. ವರ್ಷಗಳಾದ ಮೇಲೆ ಲೆಕ್ಕ ನೋಡಿದರೆ ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಹೆರಿಗೆಯ ದೊಡ್ಡ ಆಪರೇಷನ್‌ಗಳಲ್ಲಿ ಹತ್ತಕ್ಕೆ ಒಂಬತ್ತನ್ನು ಇವರೇ ಮಾಡುತ್ತಿದ್ದರು. ಡಾಕ್ಟರುಗಳು ಪಟ್ಟಣಕ್ಕೆ ಹೊರಟುಹೋದರು, ಇವರು ಅಲ್ಲೇ ಉಳಿದರು.

ಇನ್ನೊಂದು, ಪ್ಲಾಸ್ಟಿಕ್ ಹಾಳೆಯದ್ದು. ಹೆರಿಗೆಯಾದ ಮೇಲೆ ರಕ್ತ ಎಷ್ಟು ಹೋಯಿತು ಅಂತ ಬಹಳ ಕಡೆ ಕಣ್ಣಳತೆಯಲ್ಲೇ ಅಂದಾಜು ಮಾಡುತ್ತಾರೆ. ಬಟ್ಟೆ ಹೀರಿದ್ದು, ನೆಲಕ್ಕೆ ಹರಿದದ್ದು ಲೆಕ್ಕಕ್ಕೆ ಸಿಗುವುದಿಲ್ಲ. ‘ಸ್ವಲ್ಪ ಜಾಸ್ತಿ ಹೋಗಿದೆ’ ಅನ್ನುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ಒಂದು ಪ್ರಯೋಗ ಮಾಡಿದರು. ತಾಯಿಯ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ. ಅದರ ತುದಿಯಲ್ಲಿ ಚೀಲ. ಚೀಲದ ಮೇಲೆ ಅಳತೆಯ ಗೆರೆಗಳು. ರಕ್ತ 500 ಮಿಲಿಲೀಟರ್ ಗೆರೆ ಮುಟ್ಟಿತೋ, ಗರ್ಭಕೋಶ ನೀವುವುದು, ಔಷಧಿ, ಡ್ರಿಪ್, ಪರೀಕ್ಷೆ ಎಲ್ಲ ಒಂದರ ಹಿಂದೆ ಒಂದು ಕಾಯದೆ ಒಟ್ಟಿಗೇ ಶುರು. ಎರಡು ಲಕ್ಷಕ್ಕಿಂತ ಹೆಚ್ಚು ಹೆರಿಗೆಗಳ ಆ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಅದರಿಂದ ಸಾಯುವುದು, ಇವೆಲ್ಲ ಸೇರಿ ನೂರಕ್ಕೆ 60 ಇಳಿದಿತ್ತು. ವೈದ್ಯಕೀಯ ಮಧ್ಯೆ ಬರುವುದು ಅಂದರೆ ಹೀಗೆ. ಬೇಗ, ಅಳತೆಯಿಂದ, ಬೇಕಾದಾಗ.

ಕೊನೆಗೆ ಒಪ್ಪಿಗೆಯ ವಿಷಯ. ನನ್ನ ಮೊದಲ ಹೆರಿಗೆಯಲ್ಲಿ ನೋವಿನ ಮೇಲೆ ನೋವು ಬರುತ್ತಿದ್ದಾಗ ಒಂದು ಫಾರ್ಮ್ ಮುಖದ ಮುಂದೆ ಹಿಡಿದರು. ನರ್ಸ್ ಬೆರಳಿಟ್ಟ ಕಡೆ ಸಹಿ ಮಾಡಿದೆ. ಪೆನ್ ಜಾರಿ ಅರ್ಧ ಸಹಿ ಗೆರೆಯಾಗಿ ಹೋಗಿತ್ತು, ‘ಪರವಾಗಿಲ್ಲ’ ಅಂದರು. ನನಗೆ ಆಪರೇಷನ್ ಬೇಕಿತ್ತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಬೇಕಿತ್ತು ಅಂತಲೇ ನಂಬಿದ್ದೇನೆ. ಆದರೆ ಅದನ್ನು ಒಪ್ಪಿಗೆ ಅಂತ ಮಾತ್ರ ಕರೆಯಬೇಡಿ.

ಘಾನಾ, ಗಿನಿ, ಮ್ಯಾನ್ಮಾರ್, ನೈಜೀರಿಯಾದ ಆಸ್ಪತ್ರೆಗಳಲ್ಲಿ ಸಂಶೋಧಕರು ಹೆರಿಗೆಯ ಹೊತ್ತಿನಲ್ಲಿ ಪಕ್ಕದಲ್ಲೇ ಕೂತು ನೋಡಿದ್ದರು. 2019ರಲ್ಲಿ ಪ್ರಕಟವಾಯಿತು. ಅಲ್ಲಿ ಹಾಕಿದ ಎಪಿಸಿಯೊಟಮಿ ಕತ್ತರಿಗಳಲ್ಲಿ ನಾಲ್ಕಕ್ಕೆ ಮೂರನ್ನು ತಾಯಿಯನ್ನು ಕೇಳದೆಯೇ ಹಾಕಿದ್ದರು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೆಂಗಸರಿಗೆ ಬೈಗುಳ, ಹೊಡೆತ ಅಥವಾ ಅವಮಾನ. ಬಡ ದೇಶಗಳ ಕಥೆ ಅಂತ ತಳ್ಳಿಹಾಕಬೇಡಿ. ಬ್ರಿಟನ್ನಿನಲ್ಲಿ ಸಕ್ಕರೆ ಕಾಯಿಲೆ ಇದ್ದ ಗಿಡ್ಡ ಮೈಕಟ್ಟಿನ ತಾಯಿಯೊಬ್ಬಳಿಗೆ, ದಪ್ಪ ಮಗುವಿನ ಭುಜ ಸಿಕ್ಕಿಕೊಳ್ಳುವ ಅಪಾಯ ಇದೆ ಅಂತ ಡಾಕ್ಟರ್ ಹೇಳಲೇ ಇಲ್ಲ. ಹೇಳಿದರೆ ಸಿಸೇರಿಯನ್ ಕೇಳುತ್ತಾಳೆ ಅಂತ! ಭುಜ ಸಿಕ್ಕಿಕೊಂಡಿತು, ಮಗುವಿಗೆ ಜೀವನಪೂರ್ತಿ ತೊಂದರೆಯಾಯಿತು. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಏನು ಹೇಳಬೇಕು ಅನ್ನುವುದನ್ನು ಡಾಕ್ಟರುಗಳ ರೂಢಿ ನಿರ್ಧರಿಸುವುದಲ್ಲ, ಆ ಹೆಂಗಸಿಗೆ ಯಾವುದು ಮುಖ್ಯವೋ ಅದನ್ನು ಹೇಳಲೇಬೇಕು ಅಂತ. ವೆನೆಜುವೆಲಾ 2007ರಲ್ಲೇ ಹೆರಿಗೆಯ ಹೊತ್ತಿನ ಹಿಂಸೆಯನ್ನು ಕಾನೂನಿನಲ್ಲಿ ಅಪರಾಧ ಅಂತ ಬರೆದಿತ್ತು.

ನನ್ನ ಬೇಡಿಕೆ ದೊಡ್ಡದಲ್ಲ. ಪ್ರತಿಯೊಂದು ಹೆರಿಗೆ ಆಸ್ಪತ್ರೆಯೂ ತನ್ನ ಲೆಕ್ಕವನ್ನು ಬಾಗಿಲಲ್ಲಿ ಹಾಕಲಿ. ಬರೀ ಒಟ್ಟು ಸಿಸೇರಿಯನ್ ಪರ್ಸೆಂಟ್ ಬೇಡ, ಅದರಿಂದ ಏನೂ ಗೊತ್ತಾಗುವುದಿಲ್ಲ. ಮೈಕೆಲ್ ರಾಬ್ಸನ್ ಅನ್ನುವ ಡಾಕ್ಟರ್ 2001ರಲ್ಲಿ ಒಂದು ದಾರಿ ಮಾಡಿಕೊಟ್ಟಿದ್ದಾರೆ, 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಬಳಸಿ ಅಂದಿದೆ. ಬಂದ ಹೆಂಗಸರನ್ನೆಲ್ಲ ಹತ್ತು ಗುಂಪು ಮಾಡುವುದು. ಚೊಚ್ಚಲೋ ಅಲ್ಲವೋ, ಹಿಂದೆ ಸಿಸೇರಿಯನ್ ಆಗಿತ್ತೋ ಇಲ್ಲವೋ, ಮಗುವಿನ ತಲೆ ಕೆಳಗಿದೆಯೋ, ಅವಳಿಯೋ, ತಿಂಗಳು ತುಂಬಿದೆಯೋ, ನೋವು ತಾನಾಗಿ ಬಂತೋ ಬರಿಸಿದ್ದೋ. ಆಗ ನಮ್ಮಲ್ಲಿ ಕಷ್ಟದ ಕೇಸು ಜಾಸ್ತಿ ಅನ್ನುವ ನೆಪ ನಡೆಯುವುದಿಲ್ಲ. ಚೊಚ್ಚಲು, ತಿಂಗಳು ತುಂಬಿದೆ, ತಲೆ ಕೆಳಗಿದೆ, ನೋವು ತಾನಾಗಿ ಬಂದಿದೆ, ಅಂಥವರಲ್ಲೂ ಅರ್ಧ ಮಂದಿಯನ್ನು ಕೊಯ್ದಿದ್ದರೆ ಆಸ್ಪತ್ರೆ ಉತ್ತರ ಹೇಳಲಿ. ಪಕ್ಕದಲ್ಲೇ ತಾಯಿ-ಮಕ್ಕಳ ಸಾವು, ತೀವ್ರ ರಕ್ತಸ್ರಾವ, ತಡವಾದ ಆಪರೇಷನ್ ಎಷ್ಟು ಅಂತಲೂ ಇರಲಿ. ಇಲ್ಲದಿದ್ದರೆ ಇನ್ನೊಂದು ಶ್ರೂಸ್‌ಬರಿ ಆಗುತ್ತದೆ.

ಬ್ರೆಜಿಲ್ 2015ರಲ್ಲಿ ಇಂಥದ್ದೊಂದು ನಿಯಮ ಮಾಡಿತ್ತು. ವಿಮೆ ಇರುವ ಹೆಂಗಸು ಕೇಳಿದರೆ ಆಸ್ಪತ್ರೆಯ ಮತ್ತು ಡಾಕ್ಟರಿನ ಸಿಸೇರಿಯನ್ ಪ್ರಮಾಣ ಕೊಡಬೇಕು ಅಂತ. ಕೇಳಿದರೆ ಮಾತ್ರ. ಹೊಟ್ಟೆಯಲ್ಲಿ ಮಗು ಹೊತ್ತು ಅರ್ಜಿ ಬರೆದು ಕಾಯುವವರು ಎಷ್ಟು ಜನ? ಅದಕ್ಕೇ ಕೇಳುವ ಮೊದಲೇ ಹಾಕಿ ಅನ್ನುತ್ತಿದ್ದೇನೆ, ಹೆಂಗಸರಿಗೆ ಅರ್ಥವಾಗುವ ಭಾಷೆಯಲ್ಲಿ, ದೊಡ್ಡ ಅಕ್ಷರದಲ್ಲಿ.

ಲೆಕ್ಕದ ಜೊತೆ ದುಡ್ಡಿನ ದಾರಿಯನ್ನೂ ಸರಿಮಾಡಿ. ನಾರ್ಮಲ್ ಆಗಲಿ ಸಿಸೇರಿಯನ್ ಆಗಲಿ ಆಸ್ಪತ್ರೆಗೆ ಒಂದೇ ಮೊತ್ತ ಸಿಗಲಿ. ರಾತ್ರಿ ಪಾಳಿಯ ಡಾಕ್ಟರ್ ಮತ್ತು ಮಿಡ್‌ವೈಫ್ ತಂಡ ಇರಲಿ, ಒಬ್ಬರೇ ಹಗಲು ರಾತ್ರಿ ಓಡುವುದು ನಿಲ್ಲಲಿ. ಜೊತೆಗೆ ಬಂದವರನ್ನು ಒಳಗೆ ಬಿಡಿ. ಕತ್ತರಿ ಎತ್ತುವ ಮೊದಲು, ಡ್ರಿಪ್ ಏರಿಸುವ ಮೊದಲು, ಒಳಗೆ ಕೈ ಹಾಕಿ ನೋಡುವ ಮೊದಲು ಕೇಳಿ. ತುರ್ತು ಇದ್ದರೆ ಎರಡು ಮಾತು ಸಾಕು. ಫಾರ್ಮ್‌ಗಳನ್ನು ತಿಂಗಳು ತುಂಬುವ ಮೊದಲೇ, ಹೆಂಗಸು ಕುರ್ಚಿಯ ಮೇಲೆ ನೆಟ್ಟಗೆ ಕೂತು ಓದುವ ಹೊತ್ತಿನಲ್ಲಿ ಕೊಡಿ.

ನಿಮ್ಮಲ್ಲಿ ಯಾರಾದರೂ ಇದು ನಮ್ಮಲ್ಲಿ ಈಗಾಗಲೇ ಇದೆ ಅನ್ನುವವರಿದ್ದರೆ ಬಹಳ ಸಂತೋಷ. ಹಾಗಾದರೆ ಆ ಹತ್ತು ಗುಂಪಿನ ಪಟ್ಟಿಯನ್ನು ಹೊರಗೆ ಹಾಕುವುದಕ್ಕೆ ನಿಮಗೆ ಒಂದು ವಾರವೂ ಬೇಕಾಗುವುದಿಲ್ಲ. ಮೊದಲ ಪಟ್ಟಿ ಯಾವ ಆಸ್ಪತ್ರೆಯಿಂದ ಬರುತ್ತದೆ ಅಂತ ಕಾಯುತ್ತಿದ್ದೇವೆ.

ಇಂತಿ,
ಹೆತ್ತವಳೊಬ್ಬಳು